ಡಾ. ವಿಕ್ರಮ್ ಸಾರಾಭಾಯಿ: ನಮ್ಮ ನೆರೆಯಲ್ಲಿ ಎದ್ದ ಒಂದು ಪ್ರಶ್ನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನವನ್ನು ಕುರಿತು ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದರು. ಈ ಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಪಾಠ ಮಾಡಿದ ನಾನು ಸರ್ ಎಂ. ವಿಶ್ವೇಶ್ವರಯ್ಯನವರನ್ನೋ ಸರ್ ಸಿ.ವಿ. ರಾಮನ್ ಅವರನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಎಣಿಸಿದ್ದಿರಬೇಕು. ನಾನು ಆರಿಸಿಕೊಂಡದ್ದು ಗುಜರಾತಿನ ಡಾ. ವಿಕ್ರಮ್ ಅಂಬಾಲಾಲ್ ಸಾರಾಭಾಯಿಯವರನ್ನು. ವಿದ್ಯಾರಣ್ಯಪುರದ ಶಾಲೆಯ ಪುಸ್ತಕಕ್ಕೆ ಅಹಮದಾಬಾದಿನವರು ಏಕೆ ಎಂದು ಕೆಲವರು ಕೇಳಬಹುದು. ಕಾರಣವಿದೆ.

ನಮ್ಮ ಊರಿನಿಂದ ಹತ್ತು ಕಿಲೋಮೀಟರಿನೊಳಗೆ ಎರಡು ಜಾಗಗಳಿವೆ. ಒಂದು, ಯಶವಂತಪುರದಾಚೆ ಮಲ್ಲೇಶ್ವರಕ್ಕೆ ಹೋಗುವಾಗ ಸಿಗುವ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. ಇನ್ನೊಂದು, ನಮ್ಮ ಮಕ್ಕಳಲ್ಲಿ ಅನೇಕರ ತಂದೆ ತಾಯಂದಿರು ದಿನವೂ ಕೆಲಸಕ್ಕೆ ಹೋಗುವ ಪೀಣ್ಯ ಕೈಗಾರಿಕಾ ಪ್ರದೇಶ. ಮೊದಲನೆಯ ಜಾಗದಲ್ಲಿ ಸಾರಾಭಾಯಿಯವರು ಇಪ್ಪತ್ತರ ಹರೆಯದಲ್ಲಿ ಸೂರ್ಯನ ಬಗ್ಗೆ ಒಂದು ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ತೀರಿಕೊಂಡ ಮೇಲೆ ಆ ಪ್ರಶ್ನೆ ಎರಡನೆಯ ಜಾಗದ ಶೆಡ್ಡುಗಳಿಂದ ಆಕಾಶಕ್ಕೆ ಏರಿತು. ಈ ಎರಡು ಜಾಗಗಳ ನಡುವಿನ ಕಥೆಯೇ ಅವರ ಜೀವನ. ಇಷ್ಟು ಹತ್ತಿರದಲ್ಲಿ ನಡೆದದ್ದು ನಮ್ಮೂರಿನ ಮಕ್ಕಳಿಗೆ ಗೊತ್ತಿರಬೇಕು ಎಂಬುದು ನನ್ನ ಆಸೆ.

ಸಾರಾಭಾಯಿಯವರು ಹುಟ್ಟಿದ್ದು 1919ರ ಆಗಸ್ಟ್ 12ರಂದು, ಅಹಮದಾಬಾದಿನಲ್ಲಿ. ತಂದೆ ಅಂಬಾಲಾಲ್ ಅವರು ಹೆಸರಾಂತ ಕ್ಯಾಲಿಕೋ ಬಟ್ಟೆ ಗಿರಣಿಯ ಮಾಲೀಕರು. ತಾಯಿ ಸರಳಾದೇವಿಯವರು. ಮನೆಯಲ್ಲಿ ಎಂಟು ಜನ ಮಕ್ಕಳು. ಊರಿನ ಶಾಲೆಗಳ ಪದ್ಧತಿ ಒಪ್ಪಿಗೆಯಾಗದ ತಂದೆ ತಾಯಿ, ಮಾಂಟೆಸ್ಸೊರಿ ವಿಧಾನದಲ್ಲಿ ಮನೆಯ ಆವರಣದಲ್ಲಿಯೇ ಮಕ್ಕಳಿಗಾಗಿ ಒಂದು ಶಾಲೆ ನಡೆಸಿದರು. ಗಾಂಧೀಜಿ, ರವೀಂದ್ರನಾಥ ಠಾಕೂರರಂಥ ಹಿರಿಯರು ಬಂದು ಹೋಗುತ್ತಿದ್ದ ಮನೆ ಅದು. ಹುಡುಗನಿಗೆ ಯಂತ್ರಗಳ ಮೇಲೆ ಪ್ರೀತಿಯೆಂದು ತಿಳಿದಾಗ ಉಪಕರಣಗಳನ್ನೂ ಒದಗಿಸಿಕೊಟ್ಟರು. ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಒಂದೇ ಒಂದು ಬ್ಯಾರೋಮೀಟರಿನ ಸುತ್ತ ಐವತ್ತು ಮಕ್ಕಳನ್ನು ನಿಲ್ಲಿಸಿ ಪಾಠ ಮಾಡಿದವನು ನಾನು. ಆದ್ದರಿಂದ ಇದನ್ನು ಮುಚ್ಚಿಡದೆ ಹೇಳುತ್ತೇನೆ: ಅವರು ಸಿರಿವಂತರ ಮನೆಯ ಮಗ, ಅವರಿಗೆ ಸಿಕ್ಕ ಅನುಕೂಲ ನಮ್ಮ ಮಕ್ಕಳಿಗೆ ಸಿಕ್ಕಿಲ್ಲ. ಅಷ್ಟು ಅನುಕೂಲ ಸಿಕ್ಕವರು ಅದನ್ನು ಏನು ಮಾಡಿದರು ಎಂಬುದೇ ನೋಡಬೇಕಾದ ವಿಷಯ.

ಗುಜರಾತ್ ಕಾಲೇಜಿನಲ್ಲಿ ಓದಿದ ಮೇಲೆ ಅವರು ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜು ಸೇರಿದರು. ಅಲ್ಲಿ ಪದವಿ ಮುಗಿಸಿ ಸಂಶೋಧನೆಗೆ ಕೈಹಾಕುವ ಹೊತ್ತಿಗೆ ಎರಡನೆಯ ಮಹಾಯುದ್ಧ ಶುರುವಾಗಿತ್ತು. ಊರಿಗೆ ಮರಳಬೇಕಾಯಿತು. ಗಿರಣಿಯ ವ್ಯವಹಾರಕ್ಕೆ ಕೂರಬಹುದಾಗಿದ್ದ ಯುವಕ, ಬೆಂಗಳೂರಿಗೆ ಬಂದು ಸರ್ ಸಿ.ವಿ. ರಾಮನ್ ಅವರ ಬಳಿ ಸಂಶೋಧಕನಾಗಿ ಸೇರಿಕೊಂಡರು. ಅದೇ ಯುದ್ಧದ ದೆಸೆಯಿಂದ ಇಂಗ್ಲೆಂಡಿಗೆ ಹಿಂದಿರುಗಲಾಗದೆ ಅಲ್ಲಿ ಉಳಿದಿದ್ದ ಇನ್ನೊಬ್ಬರು ಡಾ. ಹೋಮಿ ಭಾಭಾ. ಸಾರಾಭಾಯಿಯವರಿಗಿಂತ ಹತ್ತು ವರ್ಷ ಹಿರಿಯರು. ಅವರೂ ವಿಶ್ವಕಿರಣಗಳ ಅಧ್ಯಯನದಲ್ಲಿ ತೊಡಗಿದ್ದರು. ಮುಂದೆ ದೇಶದ ಅಣುಶಕ್ತಿಗೂ ಬಾಹ್ಯಾಕಾಶಕ್ಕೂ ಅಡಿಪಾಯ ಹಾಕಿದ ಇಬ್ಬರು, ಒಂದೇ ಕಾಲದಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ಕೆಳಗೆ ಓಡಾಡಿಕೊಂಡಿದ್ದರು.

ವಿಶ್ವಕಿರಣ ಎಂದರೇನು ಎಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹೆಸರಿನಲ್ಲಿ ಕಿರಣವೆಂದಿದ್ದರೂ ಅವು ವಿದ್ಯುದಂಶ ಹೊತ್ತ ಕಣಗಳು, ಹೆಚ್ಚಿನವು ಪ್ರೋಟಾನುಗಳು. ಬೆಳಕಿನ ವೇಗಕ್ಕೆ ಸಮೀಪದ ವೇಗದಲ್ಲಿ ಬಾಹ್ಯಾಕಾಶದಿಂದ ಬಂದು ನಮ್ಮ ವಾತಾವರಣಕ್ಕೆ ಬಡಿಯುತ್ತವೆ. ಬಡಿದಾಗ ಹುಟ್ಟುವ ಮರಿಕಣಗಳು ನೆಲದವರೆಗೂ ಬರುತ್ತವೆ. ಈ ಪುಟವನ್ನು ನೀವು ಓದುತ್ತಿರುವಾಗಲೂ ನಿಮ್ಮ ಅಂಗೈಯ ಮೂಲಕ ಅವು ಹಾದುಹೋಗುತ್ತಿವೆ. ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಿಳಿಯುವುದಿಲ್ಲ. ಗೈಗರ್ ನಳಿಕೆಗೆ ಮಾತ್ರ ತಿಳಿಯುತ್ತದೆ. ಒಂದರ ಮೇಲೊಂದು ನಳಿಕೆಗಳನ್ನು ಜೋಡಿಸಿ, ಒಂದೇ ಕ್ಷಣದಲ್ಲಿ ಎಲ್ಲ ನಳಿಕೆಗಳನ್ನೂ ತೂರಿಹೋದ ಕಣವನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ, ಅದು ಮೇಲಿನಿಂದ ಬಂದದ್ದೆಂದು ಗೊತ್ತಾಗುತ್ತದೆ. ಯುವಕ ಸಾರಾಭಾಯಿಯವರು ಬೆಂಗಳೂರಿನಲ್ಲಿ ಹಗಲು ರಾತ್ರಿ ಮಾಡಿದ್ದು ಇದೇ ಎಣಿಕೆ.

ಬರೀ ಎಣಿಸುವುದರಲ್ಲಿ ಏನಿದೆ ಎನ್ನಬಹುದು. ಅವರ ಪ್ರಶ್ನೆ ಇದ್ದದ್ದು ಎಣಿಕೆಯ ಏರಿಳಿತದಲ್ಲಿ. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ರಾತ್ರಿಗೂ ಸಂಖ್ಯೆ ಒಂದೇ ಇರುತ್ತದೆಯೇ? ಇಲ್ಲದಿದ್ದರೆ ಯಾಕಿಲ್ಲ? ಗಾಳಿ ಮಳೆಯಲ್ಲಿ ಒಬ್ಬ ಮನುಷ್ಯ ಬಯಲಲ್ಲಿ ನಿಂತು ನಿಧಾನವಾಗಿ ಒಂದು ಸುತ್ತು ತಿರುಗುತ್ತಾನೆಂದು ಇಟ್ಟುಕೊಳ್ಳಿ. ಮಳೆ ನೆಟ್ಟಗೆ ಸುರಿಯುತ್ತಿದ್ದರೆ ಎಲ್ಲ ಕಡೆಯೂ ಒಂದೇ ಸಮ ನೆನೆಯುತ್ತಾನೆ. ಇರಚಲು ಹೊಡೆಯುತ್ತಿದ್ದರೆ ಒಂದು ದಿಕ್ಕಿಗೆ ತಿರುಗಿದಾಗ ಮುಖಕ್ಕೆ ಹೆಚ್ಚು ನೀರು ಬೀಳುತ್ತದೆ. ಭೂಮಿಯೂ ದಿನಕ್ಕೊಮ್ಮೆ ಹೀಗೆ ತಿರುಗುತ್ತದೆ, ಅದರ ಜೊತೆಗೆ ನಳಿಕೆಯೂ. ದಿನದ ಒಂದು ಹೊತ್ತಿನಲ್ಲಿ ಎಣಿಕೆ ಹೆಚ್ಚಿದರೆ, ಕಣಗಳು ಆಕಾಶದ ಒಂದು ದಿಕ್ಕಿನಿಂದ ಹೆಚ್ಚಾಗಿ ಬರುತ್ತಿವೆ ಎಂದಾಯಿತು. ಆಗ ಅವನ್ನು ಹಾಗೆ ಓರೆಯಾಗಿ ತಳ್ಳುತ್ತಿರುವುದು ಯಾವುದು ಎಂಬ ಪ್ರಶ್ನೆ ಏಳುತ್ತದೆ. ಸಂಶಯ ಹೋಗುವುದು ಸೂರ್ಯನ ಮೇಲೆ.

ಈ ಏರಿಳಿತ ಬಹಳ ಸಣ್ಣದು, ನೂರಕ್ಕೆ ಒಂದು ಪಾಲೂ ಇಲ್ಲ. ಸಾಲದೆಂಬಂತೆ ಗಾಳಿಯ ಒತ್ತಡ ಹೆಚ್ಚಾದರೆ ಎಣಿಕೆ ತಾನಾಗಿಯೇ ಇಳಿಯುತ್ತದೆ, ಏಕೆಂದರೆ ಮೇಲಿನ ಗಾಳಿಯ ಹೊದಿಕೆ ದಪ್ಪವಾಗಿ ಕಣಗಳನ್ನು ಹೆಚ್ಚು ತಡೆಯುತ್ತದೆ. ಅದನ್ನು ಕಳೆದು, ಉಳಿದದ್ದರಲ್ಲಿ ಸೂರ್ಯನ ಕೈವಾಡ ಎಷ್ಟು ಎಂದು ಹುಡುಕಬೇಕು. ತಾಳ್ಮೆಯಿಲ್ಲದವರಿಗೆ ಒಗ್ಗುವ ಕೆಲಸವಲ್ಲ. ವಿಶ್ವಕಿರಣಗಳು ಕಾಲಕ್ಕೆ ತಕ್ಕಂತೆ ಹೇಗೆ ಹಂಚಿಕೆಯಾಗುತ್ತವೆ ಎಂಬ ಅವರ ಮೊದಲ ಪ್ರಬಂಧ 1942ರಲ್ಲಿ, ರಾಮನ್ ಅವರು ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಆಗ ಅವರಿಗೆ ಇಪ್ಪತ್ತಮೂರು ತುಂಬುವ ವಯಸ್ಸು.

ಅದೇ ವರ್ಷ ಅವರ ಮದುವೆಯೂ ಆಯಿತು. ವಧು ಮೃಣಾಲಿನಿ ಸ್ವಾಮಿನಾಥನ್, ಭರತನಾಟ್ಯ ಕಲಾವಿದೆ. ಬೆಂಗಳೂರಿನಲ್ಲಿ ಪ್ರಸಿದ್ಧ ನರ್ತಕ ರಾಮ್ ಗೋಪಾಲ್ ಅವರೊಂದಿಗೆ ನೃತ್ಯ ಮಾಡುತ್ತಿದ್ದವರು. ನೇತಾಜಿಯವರ ಸೇನೆಯಲ್ಲಿ ಹೆಸರಾದ ಕ್ಯಾಪ್ಟನ್ ಲಕ್ಷ್ಮಿಯವರ ತಂಗಿ. ಮುಂದೆ ಅಹಮದಾಬಾದಿನಲ್ಲಿ ದಂಪತಿಗಳು ದರ್ಪಣ ಎಂಬ ಕಲಾಶಾಲೆಯನ್ನು ಕಟ್ಟಿದರು. ಮಕ್ಕಳು ಕಾರ್ತಿಕೇಯ ಮತ್ತು ಮಲ್ಲಿಕಾ.

ನೆಲಮಟ್ಟದಲ್ಲಿ ಗಾಳಿಯ ಹೊದಿಕೆ ಅಡ್ಡ ಬರುವುದರಿಂದ, ಸಾರಾಭಾಯಿಯವರು ತಮ್ಮ ಉಪಕರಣಗಳನ್ನು ಹೊತ್ತುಕೊಂಡು ಕಾಶ್ಮೀರದ ಬೆಟ್ಟಗಳಿಗೂ ಹೋಗಿ ಅಳೆದರು. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಹಿಂದಿರುಗಿ, ಉಷ್ಣವಲಯದ ಅಕ್ಷಾಂಶಗಳಲ್ಲಿ ವಿಶ್ವಕಿರಣಗಳನ್ನು ಕುರಿತ ಪ್ರೌಢಪ್ರಬಂಧಕ್ಕೆ 1947ರಲ್ಲಿ ಪಿಎಚ್.ಡಿ. ಪಡೆದರು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಮನೆಗೆ ಬಂದರು.

ಬಂದವರು ಮಾಡಿದ ಮೊದಲ ಕೆಲಸ ಭೌತ ಸಂಶೋಧನಾ ಪ್ರಯೋಗಾಲಯದ ಸ್ಥಾಪನೆ. 1947ರ ನವೆಂಬರ್ 11ರಂದು ಅಹಮದಾಬಾದಿನ ಎಂ.ಜಿ. ವಿಜ್ಞಾನ ಸಂಸ್ಥೆಯ ಕೆಲವು ಕೋಣೆಗಳಲ್ಲಿ ಅದು ಶುರುವಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಪ್ರಯೋಗಾಲಯಕ್ಕಾಗಿ ದುಡಿದವರು, ಹಣ ಕೂಡಿಸಿದವರು ತಾವಾದರೂ ನಿರ್ದೇಶಕರ ಕುರ್ಚಿಯಲ್ಲಿ ಅವರು ಕೂರಲಿಲ್ಲ. ರಾಮನ್ ಅವರೊಂದಿಗೆ ಕೆಲಸ ಮಾಡಿ, ಹವಾಮಾನ ಇಲಾಖೆಯಿಂದ ನಿವೃತ್ತರಾಗಿದ್ದ ಹಿರಿಯ ವಿಜ್ಞಾನಿ ಕೆ.ಆರ್. ರಾಮನಾಥನ್ ಅವರನ್ನು ಕರೆತಂದು ಕೂರಿಸಿದರು. ತಾವು ವಿಶ್ವಕಿರಣಗಳ ಪ್ರಾಧ್ಯಾಪಕರಾಗಿ ಹುಡುಗರ ಜೊತೆ ಕೆಲಸಕ್ಕಿಳಿದರು. ಅಹಮದಾಬಾದ್, ಕೊಡೈಕೆನಾಲ್, ತಿರುವನಂತಪುರ, ಗುಲ್ಮರ್ಗ್ ಹೀಗೆ ದೇಶದ ತುದಿಯಿಂದ ತುದಿಗೆ ಎಣಿಕೆಯ ಕೇಂದ್ರಗಳು ಹುಟ್ಟಿಕೊಂಡವು. ಅದರ ಜೊತೆಗೇ ಜವಳಿ ಉದ್ಯಮದ ಸಂಶೋಧನಾ ಸಂಸ್ಥೆ ಅಟಿರಾ, 1961ರಲ್ಲಿ ಅಹಮದಾಬಾದಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆ, ಶಾಲಾ ಮಕ್ಕಳಿಗಾಗಿ ವಿಜ್ಞಾನ ಕೇಂದ್ರ ಇವುಗಳ ಹುಟ್ಟಿಗೂ ಅವರು ಕಾರಣರಾದರು.

ಸಾರಾಭಾಯಿಯವರ ಪ್ರಯೋಗಾಲಯಕ್ಕೆ ನಮ್ಮ ಉಡುಪಿಯ ಬಳಿಯ ಅದಮಾರು ಎಂಬ ಹಳ್ಳಿಯಿಂದ ಒಬ್ಬ ಯುವಕ ಬಂದ. ಹೆಸರು ಉಡುಪಿ ರಾಮಚಂದ್ರ ರಾವ್. 1932ರಲ್ಲಿ ಸಾಧಾರಣ ಮನೆತನದಲ್ಲಿ ಹುಟ್ಟಿ, ಊರ ಶಾಲೆಯಲ್ಲಿ ಕಲಿತು, ಉಡುಪಿ, ಬಳ್ಳಾರಿ, ಅನಂತಪುರಗಳಲ್ಲಿ ಓದು ಮುಂದುವರಿಸಿ ಬಂದವರು. ಸಾರಾಭಾಯಿಯವರ ಕೈಕೆಳಗೆ ವಿಶ್ವಕಿರಣಗಳ ಮೇಲೆ ಕೆಲಸ ಮಾಡಿ 1960ರಲ್ಲಿ ಪಿಎಚ್.ಡಿ. ಪಡೆದರು. ಅಲ್ಲಿಂದ ಅಮೆರಿಕದ ಎಂ.ಐ.ಟಿ.ಗೆ ಹೋದರು. ಆ ವಿದ್ಯಾಸಂಸ್ಥೆಯ ಪ್ರಾಧ್ಯಾಪಕ ಬ್ರೂನೋ ರೋಸಿಯವರು ಸಾರಾಭಾಯಿಯವರಿಗೆ ಹತ್ತಿರದವರು, ವಿಶ್ವಕಿರಣ ವಿಜ್ಞಾನದಲ್ಲಿ ದೊಡ್ಡ ಹೆಸರು.

ಆ ಹೊತ್ತಿಗೆ ಕಾಲ ಬದಲಾಗಿತ್ತು. 1957ರ ಅಕ್ಟೋಬರ್ 4ರಂದು ರಷ್ಯಾದ ಸ್ಪುಟ್ನಿಕ್ ಭೂಮಿಯನ್ನು ಸುತ್ತಿತ್ತು. ಗಾಳಿಯ ಹೊದಿಕೆಯನ್ನೂ ಭೂಮಿಯ ಕಾಂತಕ್ಷೇತ್ರವನ್ನೂ ದಾಟಿ ಹೊರಗೆ ನಿಂತು ಎಣಿಸುವ ದಾರಿ ತೆರೆದಿತ್ತು. 1958ರಲ್ಲಿ ಯೂಜೀನ್ ಪಾರ್ಕರ್ ಎಂಬ ವಿಜ್ಞಾನಿ, ಸೂರ್ಯನಿಂದ ಕಣಗಳ ಗಾಳಿಯೊಂದು ಎಲ್ಲ ದಿಕ್ಕಿಗೂ ಎಡೆಬಿಡದೆ ಬೀಸುತ್ತಿದೆ ಎಂದು ಲೆಕ್ಕ ಹಾಕಿ ತೋರಿಸಿದರು. ಅದನ್ನೇ ಸೌರ ಮಾರುತ ಎನ್ನುವುದು. 1962ರಲ್ಲಿ ಶುಕ್ರಗ್ರಹದ ಕಡೆಗೆ ಹೊರಟ ಮ್ಯಾರಿನರ್ 2 ನೌಕೆ ದಾರಿಯುದ್ದಕ್ಕೂ ಆ ಮಾರುತವನ್ನು ಅಳೆಯಿತು. ಅದು ನಿರಂತರವಾಗಿ ಬೀಸುತ್ತದೆ, ಭೂಮಿಯ ಕಾಂತಕ್ಷೇತ್ರವನ್ನು ಕದಡುತ್ತದೆ ಎಂದು ಆ ಅಳತೆಗಳಿಂದ ತೋರಿಸಿದವರಲ್ಲಿ ಅದಮಾರಿನ ರಾವ್ ಅವರೂ ಒಬ್ಬರು. 1965ರಿಂದ 1968ರವರೆಗೆ ಸೂರ್ಯನ ಸುತ್ತ ಹೋದ ಪಯೋನಿಯರ್ ನೌಕೆಗಳ ವಿಶ್ವಕಿರಣ ಪ್ರಯೋಗಗಳಲ್ಲಿಯೂ ಅವರು ಪಾಲುಗೊಂಡರು.

ಬೆಂಗಳೂರಿನ ನಳಿಕೆಗಳು ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಮೂಡತೊಡಗಿತು. ಸೌರ ಮಾರುತ ತನ್ನ ಜೊತೆ ಸೂರ್ಯನ ಕಾಂತಕ್ಷೇತ್ರವನ್ನೂ ಎಳೆದುಕೊಂಡು ಹೋಗುತ್ತದೆ. ದೂರದ ನಕ್ಷತ್ರಲೋಕದಿಂದ ಬರುವ ವಿಶ್ವಕಿರಣಗಳು ಈ ಗಾಳಿಗೆ ಎದುರಾಗಿ ಈಜಿಕೊಂಡು ನಮ್ಮ ಬಳಿಗೆ ಬರಬೇಕು. ಸೂರ್ಯ ಉಗ್ರನಾಗಿದ್ದಾಗ, ಅಂದರೆ ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಸೌರಕಲೆಗಳು ಹೆಚ್ಚಾದಾಗ, ಒಳಗೆ ಬರುವ ಕಣಗಳು ಕಡಿಮೆ. ಸೂರ್ಯ ಶಾಂತನಾದಾಗ ಹೆಚ್ಚು. ದಿನದ ಏರಿಳಿತಕ್ಕೂ ಮೂಲ ಈ ಗಾಳಿ ಮತ್ತು ಅದರ ಕಾಂತಕ್ಷೇತ್ರವೇ.

ಹೊರದೇಶದ ನೌಕೆಗಳ ಮೇಲೆ ನಮ್ಮವರ ಉಪಕರಣ ಹೋದರೆ ಸಾಲದು, ನಮ್ಮ ನೆಲದಿಂದಲೇ ಹೋಗಬೇಕು ಎಂಬುದು ಸಾರಾಭಾಯಿಯವರ ಹಟ. 1962ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಬಾಹ್ಯಾಕಾಶ ಸಂಶೋಧನೆಯ ರಾಷ್ಟ್ರೀಯ ಸಮಿತಿ ರಚನೆಯಾಯಿತು. ಭೂಕಾಂತೀಯ ಸಮಭಾಜಕ ರೇಖೆ ಕೇರಳದ ತುಂಬಾ ಎಂಬ ಮೀನುಗಾರರ ಊರಿನ ಹತ್ತಿರ ಹಾದುಹೋಗುತ್ತದೆ. ಆ ರೇಖೆಯ ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ ಆಕಾಶದಲ್ಲಿ ವಿದ್ಯುತ್ ಪ್ರವಾಹವೊಂದು ಹರಿಯುತ್ತದೆ. ಅದನ್ನು ತಿಳಿಯಲು ರಾಕೆಟ್ ಹಾರಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಅಲ್ಲಿ ಜನರ ಮನೆಗಳಿದ್ದವು, ಮೇರಿ ಮ್ಯಾಗ್ಡಲೀನ್ ಇಗರ್ಜಿ ಇತ್ತು. ಸಾರಾಭಾಯಿಯವರು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡು ವಿಷಯ ತಿಳಿಸಿದರು. ಬಿಷಪ್ಪರು ಪೂಜೆಗೆ ನೆರೆದ ಜನರ ಮುಂದೆಯೇ ಮಾತನ್ನಿಟ್ಟು ಒಪ್ಪಿಗೆ ಪಡೆದರು. ಊರವರು ಬೇರೆ ಕಡೆ ಹೋದರು. ಇಗರ್ಜಿಯೇ ರಾಕೆಟ್ ಕೇಂದ್ರದ ಕಚೇರಿಯಾಯಿತು. 1963ರ ನವೆಂಬರ್ 21ರ ಸಂಜೆ ಮೊದಲ ರಾಕೆಟ್ ಹಾರಿ ಸೋಡಿಯಂ ಆವಿಯನ್ನು ಚೆಲ್ಲಿದಾಗ ಆಕಾಶದಲ್ಲಿ ಕಿತ್ತಳೆ ಬಣ್ಣದ ಮೋಡ ಎದ್ದಿತು. ಊರುಗಳು ಎದ್ದು ಬಡಾವಣೆಗಳಾದದ್ದನ್ನು ಕಣ್ಣಾರೆ ಕಂಡ ನಮ್ಮ ತಿಂಡ್ಲು, ದೊಡ್ಡಬೊಮ್ಮಸಂದ್ರದ ಹಿರಿಯರಿಗೆ, ನೆಲ ಬಿಟ್ಟುಕೊಡುವುದೆಂದರೆ ಏನೆಂದು ನಾನು ಹೇಳಬೇಕಾಗಿಲ್ಲ. ವಿಜ್ಞಾನದ ಚರಿತ್ರೆ ಬರೆಯುವಾಗ ತುಂಬಾದ ಆ ಬೆಸ್ತರ ಹೆಸರನ್ನೂ ನೆನೆಯಬೇಕು.

1960ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಿಂದ ಹಿಂದಿರುಗಿದ್ದ ರಾವ್ ಅವರ ತಂಡದವರು ಕ್ಷ-ಕಿರಣ ಸೂಸುವ ನಕ್ಷತ್ರಗಳನ್ನು ತುಂಬಾದ ರಾಕೆಟ್‌ಗಳಿಂದ ನೋಡತೊಡಗಿದ್ದರು. ನಕ್ಷತ್ರಗಳ ಕ್ಷ-ಕಿರಣವನ್ನು ವಾತಾವರಣ ನುಂಗಿಬಿಡುತ್ತದೆ, ಮೇಲೆ ಹೋಗದೆ ಕಾಣುವುದಿಲ್ಲ. ರಾಕೆಟ್ ಮೇಲಿರುವುದು ಕೆಲವೇ ನಿಮಿಷ. ದಿನಗಟ್ಟಲೆ ನೋಡಲು ಉಪಗ್ರಹ ಬೇಕು.

ಬಡ ದೇಶಕ್ಕೆ ಇದೆಲ್ಲ ಏಕೆ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸಾರಾಭಾಯಿಯವರು ಆ ಪ್ರಶ್ನೆಗೆ ಬೆನ್ನು ತಿರುಗಿಸಲಿಲ್ಲ. ಚಂದ್ರನ ಮೇಲೆ ಯಾರು ಮೊದಲು ಇಳಿಯುತ್ತಾರೆಂಬ ಪಂದ್ಯ ನಮಗೆ ಬೇಡ, ಆದರೆ ನಮ್ಮ ಜನರ ಕಷ್ಟಕ್ಕೆ ಹೊಸ ವಿದ್ಯೆಯನ್ನು ಹೂಡುವುದರಲ್ಲಿ ನಾವು ಯಾರಿಗೂ ಹಿಂದುಳಿಯಬಾರದು ಎಂಬುದು ಅವರ ನಿಲುವು. ಅಮೆರಿಕದ ಉಪಗ್ರಹವೊಂದರ ಮೂಲಕ ಹಳ್ಳಿಗಳಿಗೆ ಪಾಠ ತಲುಪಿಸುವ ಒಪ್ಪಂದವನ್ನು 1969ರಲ್ಲಿ ಅವರ ಮುಂದಾಳುತನದಲ್ಲಿ ಮಾಡಿಕೊಳ್ಳಲಾಯಿತು. ಅದರಂತೆ 1975ರ ಆಗಸ್ಟ್‌ನಿಂದ ಒಂದು ವರ್ಷ ಆರು ರಾಜ್ಯಗಳ 2,400 ಹಳ್ಳಿಗಳಲ್ಲಿ ದೂರದರ್ಶನ ನಡೆಯಿತು. ನಮ್ಮ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಬೇಸಾಯ, ಆರೋಗ್ಯ, ಶಾಲೆಯ ಪಾಠಗಳನ್ನು ಅಲ್ಲಿನ ಜನ ಊರ ನಡುವೆ ಕುಳಿತು ನೋಡಿದರು.

1966ರ ಜನವರಿಯಲ್ಲಿ ಭಾಭಾ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಅಣುಶಕ್ತಿ ಆಯೋಗದ ಹೊಣೆಯೂ ಸಾರಾಭಾಯಿಯವರ ಹೆಗಲಿಗೆ ಬಿತ್ತು. 1969ರ ಆಗಸ್ಟ್ 15ರಂದು ಇಸ್ರೋ ಹುಟ್ಟಿತು, ಅದರ ಹೊಣೆಯೂ ಅವರದೇ. ಅಹಮದಾಬಾದ್, ಬೊಂಬಾಯಿ, ದೆಹಲಿ, ತಿರುವನಂತಪುರ ಎಂದು ಅಲೆದಾಟ. ಸಂಶೋಧನಾ ವಿದ್ಯಾರ್ಥಿಗಳು ಅವರನ್ನು ಹಿಡಿಯಬೇಕಾದರೆ ನಡುರಾತ್ರಿಯಲ್ಲೋ ವಿಮಾನ ನಿಲ್ದಾಣದ ದಾರಿಯಲ್ಲಿ ಕಾರಿನಲ್ಲೋ ಎಂಬಂತಾಯಿತು. ಪ್ರೀತಿಯಿಂದ ಹಿಡಿದ ಪ್ರಶ್ನೆಗೆ ಅವರಿಗೇ ಸಮಯ ಉಳಿಯಲಿಲ್ಲ. ಬಹಳ ಮಂದಿ ದೊಡ್ಡವರ ಬಾಳಿನಲ್ಲಿ ಹೀಗಾಗುತ್ತದೆ. ಆದರೆ ಅವರು ಪ್ರಶ್ನೆಯನ್ನು ಬೇರೆಯವರ ಕೈಯಲ್ಲಿಟ್ಟಿದ್ದರು. ಅದೇ ಅವರ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು.

1971ರ ಡಿಸೆಂಬರ್ ಕೊನೆಯಲ್ಲಿ ಅವರು ತುಂಬಾಕ್ಕೆ ಬಂದಿದ್ದರು. ಕೋವಳಂನಲ್ಲಿ ಉಳಿದುಕೊಂಡಿದ್ದರು. 30ರ ಬೆಳಿಗ್ಗೆ ನೋಡಿದಾಗ ನಿದ್ರೆಯಲ್ಲೇ ಪ್ರಾಣ ಹೋಗಿತ್ತು. ವಯಸ್ಸು ಐವತ್ತೆರಡು. ಭಾರತ ತಯಾರಿಸಿದ ಒಂದು ಉಪಗ್ರಹವೂ ಆಗಿನ್ನೂ ಹಾರಿರಲಿಲ್ಲ.

ಇಲ್ಲಿಂದ ಕಥೆ ನಮ್ಮ ಊರಿನ ಪಕ್ಕಕ್ಕೆ ಬರುತ್ತದೆ. 1972ರಲ್ಲಿ ಇಸ್ರೋದ ಹೊಣೆ ಹೊತ್ತವರು ಪ್ರೊ. ಸತೀಶ್ ಧವನ್, ಟಾಟಾ ಇನ್‌ಸ್ಟಿಟ್ಯೂಟಿನ ನಿರ್ದೇಶಕರು. ಆ ಹುದ್ದೆಯಲ್ಲಿ ಮುಂದುವರಿಯುತ್ತಲೇ ಈ ಕೆಲಸ ನೋಡಿಕೊಳ್ಳುತ್ತೇನೆಂದು ಒಪ್ಪಿಕೊಂಡರು, ಇಸ್ರೋದ ಕೇಂದ್ರ ಬೆಂಗಳೂರಿಗೆ ಬಂತು. ಅದೇ ವರ್ಷ ರಷ್ಯಾದೊಂದಿಗೆ ಒಪ್ಪಂದವಾಯಿತು. ಉಪಗ್ರಹ ನಮ್ಮದು, ಹಾರಿಸುವುದು ಅವರು. ಅದನ್ನು ಕಟ್ಟುವ ಹೊಣೆ ಯು.ಆರ್. ರಾವ್ ಅವರದಾಯಿತು. ಕಟ್ಟಲು ಸಿಕ್ಕ ಜಾಗ ಪೀಣ್ಯದ ಕಲ್ನಾರು ಶೀಟಿನ ಶೆಡ್ಡುಗಳು.

ಉಪಗ್ರಹವನ್ನು ಅದುವರೆಗೆ ಕಟ್ಟಿದ ಅನುಭವವಿಲ್ಲದ ಎಳೆಯ ಇಂಜಿನಿಯರುಗಳು ಆ ಶೆಡ್ಡುಗಳೊಳಗೆ ದೂಳು ಸೋಕದ ಕೋಣೆಗಳನ್ನು ಮಾಡಿಕೊಂಡು ಕೆಲಸ ಮಾಡಿದರು. ಜಾಗ ಸಾಲದೆ ಒಂದು ಶೌಚಾಲಯವನ್ನೇ ಉಪಗ್ರಹದ ಸಂಕೇತ ಹಿಡಿಯುವ ಕೋಣೆಯಾಗಿ ಮಾಡಿಕೊಂಡರೆಂದು ರಾವ್ ಅವರು ಮುಂದೆ ನೆನೆಸಿಕೊಂಡಿದ್ದಾರೆ. 360 ಕಿಲೋ ತೂಕದ ಆರ್ಯಭಟ ಹೀಗೆ ತಯಾರಾಯಿತು. 1975ರ ಏಪ್ರಿಲ್ 19ರಂದು ರಷ್ಯಾದ ಕಪುಸ್ತಿನ್ ಯಾರ್‌ನಿಂದ ಹಾರಿತು. ನಮ್ಮ ಶಾಲೆಗೂ ಆ ಉಪಗ್ರಹಕ್ಕೂ ಹೆಚ್ಚು ಕಡಿಮೆ ಒಂದೇ ವಯಸ್ಸು. ಹಳೆಯ ಎರಡು ರೂಪಾಯಿ ನೋಟು ಯಾರ ಮನೆಯಲ್ಲಾದರೂ ಇದ್ದರೆ ತಿರುಗಿಸಿ ನೋಡಿ, ಆರ್ಯಭಟದ ಚಿತ್ರವಿದೆ.

ಅದರೊಳಗೆ ಇದ್ದದ್ದು ಮೂರು ಪ್ರಯೋಗಗಳು. ಒಂದು ನಕ್ಷತ್ರಗಳ ಕ್ಷ-ಕಿರಣ ನೋಡಲು, ಇನ್ನೊಂದು ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನು ಹಿಡಿಯಲು, ಮೂರನೆಯದು ಮೇಲಿನ ವಾತಾವರಣವನ್ನು ತಿಳಿಯಲು. ಬಡ ದೇಶದ ಮೊದಲ ಉಪಗ್ರಹವೇ ಸೂರ್ಯನನ್ನೂ ನಕ್ಷತ್ರಗಳನ್ನೂ ನೋಡಲು ಹೊರಟಿತು! ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯಲ್ಲಿ ದೋಷ ಕಾಣಿಸಿ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಉಪಗ್ರಹ ಕಟ್ಟಬಲ್ಲೆವು ಎಂಬುದು ರುಜುವಾತಾಯಿತು. ಸೂರ್ಯನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು. ಮುಂದಿನ ವರ್ಷಗಳಲ್ಲಿ ಭೂಮಿಯನ್ನು ನೋಡುವ, ಸಂಪರ್ಕ ಒದಗಿಸುವ ಉಪಗ್ರಹಗಳಿಗೆ ಮೊದಲ ಮಣೆ ಸಿಕ್ಕಿತು. ಅದು ತಪ್ಪಲ್ಲ. ರೈತನಿಗೆ ಹವಾಮಾನದ ಸುದ್ದಿ ಮೊದಲು ಬೇಕು.

ನಕ್ಷತ್ರಗಳ ಸರದಿ 2015ರ ಸೆಪ್ಟೆಂಬರ್ 28ರಂದು ಬಂತು. ಅಂದು ಹಾರಿದ ಆಸ್ಟ್ರೋಸ್ಯಾಟ್ ಕ್ಷ-ಕಿರಣ ಮತ್ತು ಅತಿನೇರಳೆ ಕಿರಣಗಳಲ್ಲಿ ಆಕಾಶವನ್ನು ನೋಡಿದ ನಮ್ಮ ಮೊದಲ ವೀಕ್ಷಣಾಲಯ. 2017ರಲ್ಲಿ ರಾವ್ ಅವರೂ ತೀರಿಕೊಂಡರು. ಸೂರ್ಯನ ಸರದಿ 2023ರ ಸೆಪ್ಟೆಂಬರ್ 2ರಂದು ಬಂತು. ಶ್ರೀಹರಿಕೋಟಾದಿಂದ ಆದಿತ್ಯ-ಎಲ್ 1 ಹೊರಟಿತು. 2024ರ ಜನವರಿ 6ರಂದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ತನ್ನ ಜಾಗ ಸೇರಿತು. ಸೂರ್ಯನಿಗಿರುವ ದೂರದಲ್ಲಿ ಅದು ನೂರರಲ್ಲಿ ಒಂದು ಪಾಲು. ಅಲ್ಲಿ ಭೂಮಿ ಅಡ್ಡ ಬರುವುದಿಲ್ಲ, ಗ್ರಹಣವಿಲ್ಲ, ರಾತ್ರಿಯಿಲ್ಲ.

ಆ ನೌಕೆಯಲ್ಲಿ ಏಳು ಉಪಕರಣಗಳಿವೆ. ಅವು ಎಲ್ಲಿಂದ ಬಂದವು ಎಂಬ ಪಟ್ಟಿಯನ್ನು ಓದಿದಾಗ ಸಾರಾಭಾಯಿಯವರ ಜೀವನ ಚರಿತ್ರೆಯನ್ನೇ ಓದಿದಂತಾಯಿತು. ಸೌರ ಮಾರುತವನ್ನೂ ಶಕ್ತಿಯುತ ಕಣಗಳನ್ನೂ ಅಳೆಯುವ ಆಸ್ಪೆಕ್ಸ್ ಬಂದದ್ದು, ಅವರು 1947ರಲ್ಲಿ ಕೆಲವು ಕೋಣೆಗಳಲ್ಲಿ ಶುರುಮಾಡಿದ ಅಹಮದಾಬಾದಿನ ಪ್ರಯೋಗಾಲಯದಿಂದ. ಅದೇ ಮಾರುತವನ್ನು ಇನ್ನೊಂದು ವಿಧದಲ್ಲಿ ಅಳೆಯುವ ಪಾಪಾ ಎಂಬ ಉಪಕರಣ, ತುಂಬಾದಲ್ಲಿ ಬೆಳೆದು ಈಗ ಅವರ ಹೆಸರನ್ನೇ ಹೊತ್ತಿರುವ ಕೇಂದ್ರದಿಂದ. ಸೂರ್ಯನ ಕ್ಷ-ಕಿರಣ ನೋಡುವ ಎರಡು ಉಪಕರಣಗಳು ಬೆಂಗಳೂರಿನಲ್ಲಿ ಅವರ ಶಿಷ್ಯ ಯು.ಆರ್. ರಾವ್ ಅವರ ಹೆಸರಿನ ಕೇಂದ್ರದಿಂದ. ಕಾಂತಕ್ಷೇತ್ರ ಅಳೆಯುವ ಉಪಕರಣ ಪೀಣ್ಯದಲ್ಲಿರುವ ಇಸ್ರೋ ಪ್ರಯೋಗಾಲಯದಿಂದ. ಆರ್ಯಭಟವನ್ನು ಕಟ್ಟಿದ ಜಾಗ ಅದೇ. ನೌಕೆಗೆ ಆಜ್ಞೆ ಕಳಿಸುವ ನಿಯಂತ್ರಣ ಕೇಂದ್ರವೂ ಪೀಣ್ಯದಲ್ಲಿಯೇ ಇದೆ.

ಆಸ್ಪೆಕ್ಸ್ ಮಾಡುವ ಒಂದು ಕೆಲಸವೇನು ಗೊತ್ತೇ? ಬೇರೆ ಬೇರೆ ದಿಕ್ಕಿನಿಂದ ಎಷ್ಟೆಷ್ಟು ಕಣಗಳು ಬರುತ್ತಿವೆ ಎಂದು ಎಣಿಸುವುದು. 1942ರ ಹುಡುಗ ಕೇಳಿದ್ದೂ ಅದನ್ನೇ. ಅವನ ಹತ್ತಿರ ಇದ್ದದ್ದು ಕೆಲವು ನಳಿಕೆಗಳು, ಅವುಗಳನ್ನು ತಿರುಗಿಸಲು ಭೂಮಿ.

ಇದರಿಂದ ನಮಗೇನು ಎಂಬುದಕ್ಕೂ ಉತ್ತರವಿದೆ. 1989ರ ಮಾರ್ಚಿಯಲ್ಲಿ ಸೂರ್ಯನಿಂದ ಬಂದ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿದ್ಯುತ್ ಜಾಲವನ್ನು ಕೆಡವಿ, ಸುಮಾರು 60 ಲಕ್ಷ ಜನರನ್ನು ಒಂಬತ್ತು ಗಂಟೆ ಕತ್ತಲಲ್ಲಿಟ್ಟಿತು. 2024ರ ಮೇ 10, 11ರಂದು ಬಂದ ದೊಡ್ಡ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾಯಿತು. ಆ ಬಿರುಗಾಳಿಯ ಕಣಗಳನ್ನು ಆದಿತ್ಯದ ಉಪಕರಣಗಳು ಅಳೆದವು. ನಮ್ಮ ಟಿವಿ, ಫೋನು, ಬ್ಯಾಂಕು, ಬೆಸ್ತರ ದೋಣಿಯ ದಾರಿ ತೋರುವ ಯಂತ್ರ, ಎಲ್ಲವೂ ಉಪಗ್ರಹಗಳನ್ನು ನಂಬಿಕೊಂಡಿರುವಾಗ ಸೂರ್ಯನ ಮುನಿಸನ್ನು ಮುಂಚೆಯೇ ತಿಳಿಯುವುದು ಮನೆಯ ಚಾವಣಿ ನೋಡಿಕೊಂಡಷ್ಟೇ ಅಗತ್ಯ.

ನಮ್ಮ ವಿದ್ಯಾರ್ಥಿಗಳಿಗೆ ಒಂದು ಮಾತು. ಸಾರಾಭಾಯಿಯವರ ಮನೆಯ ಸಿರಿ ನಿಮಗಿಲ್ಲ, ಆದರೆ ಅದಮಾರಿನ ರಾವ್ ಅವರಿಗೂ ಇರಲಿಲ್ಲ. ಅವರಿಗೆ ಇದ್ದದ್ದು ಊರ ಶಾಲೆ, ಮತ್ತೆ ತನ್ನ ಪ್ರಶ್ನೆಯನ್ನು ಹಂಚಿಕೊಳ್ಳಲು ಸಿದ್ಧರಿದ್ದ ಒಬ್ಬ ಗುರು. ಪ್ರಶ್ನೆಯೊಂದು ಒಬ್ಬರ ಆಯುಷ್ಯದಲ್ಲಿ ಮುಗಿಯದಿದ್ದರೆ ಅದನ್ನು ದಾಟಿಸಲು ಒಂದು ಜಾಗ ಬೇಕು. ಪ್ರಯೋಗಾಲಯ ಅಂಥ ಜಾಗ, ಶಾಲೆಯೂ ಅಂಥ ಜಾಗ. ಐವತ್ತು ವರ್ಷ ನಮ್ಮ ಶಾಲೆ ಮಾಡಿಕೊಂಡು ಬಂದದ್ದು ಇದೇ ಕೆಲಸ.

ಸೂರ್ಯನನ್ನು ನೇರವಾಗಿ ಎಂದೂ ನೋಡಬೇಡಿ, ಕಣ್ಣು ಹೋಗುತ್ತದೆ. ಒಂದು ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಕಡಲೆಕಾಳಿನಷ್ಟು ತೂತು ಬಿಡಿ. ಬಿಸಿಲನ್ನು ಅದರಿಂದ ಕತ್ತಲೆ ಕೋಣೆಯ ದೂರದ ಬಿಳಿ ಗೋಡೆಗೆ ಹಾಯಿಸಿ. ಗೋಡೆಯ ಮೇಲೆ ಸೂರ್ಯನ ದುಂಡು ಬಿಂಬ ಬೀಳುತ್ತದೆ. ದೊಡ್ಡ ಸೌರಕಲೆ ಇರುವ ದಿನಗಳಲ್ಲಿ ಅದರ ಮೇಲೆ ಒಂದು ಮಸುಕು ಚುಕ್ಕೆಯೂ ಕಾಣಬಹುದು. ಆ ಚುಕ್ಕೆ ಮರುದಿನ ಎಲ್ಲಿತ್ತು ಎಂದು ಬರೆದಿಟ್ಟುಕೊಳ್ಳಿ. ಎಣಿಕೆ ಅಲ್ಲಿಂದಲೇ ಶುರುವಾಗುತ್ತದೆ.